ಹಲ್ಲಿನ ಇಂಪ್ಲಾಂಟ್: ಮೂರನೇ ವಾರದಲ್ಲಿ ಹಿಡಿತ ಯಾಕೆ ಕಮ್ಮಿಯಾಗುತ್ತೆ?

ಮೂಳೆಯೊಳಗೆ ಟೈಟಾನಿಯಂ ಸ್ಕ್ರೂ, ಅದರ ಮೇಲೆ ಅಬಟ್‌ಮೆಂಟ್ ಅನ್ನೋ ಜೋಡಿಸುವ ತುಂಡು, ಅದರ ಮೇಲೆ ಕ್ರೌನ್, ಅಂದರೆ ಕೃತಕ ಹಲ್ಲು. ಇದು ಎಲ್ಲರಿಗೂ ಗೊತ್ತು. ಪರೀಕ್ಷೆಯಲ್ಲಿ ಇತಿಹಾಸ ಒಂದು ಮಾರ್ಕಿನದು: ಸ್ವೀಡನ್ನಿನ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಕೂರಿಸಿದ್ದರು, ವಾಪಸ್ ತೆಗೆಯೋಕೆ ಹೋದರೆ ಬರಲಿಲ್ಲ. 1965ರಲ್ಲಿ ಮನುಷ್ಯರ ದವಡೆಗೆ ಹಾಕಿದರು.

ತಲೆ ಕೆಡಿಸಿದ್ದು ಸ್ಟೆಬಿಲಿಟಿ ಗ್ರಾಫ್, ಅಂದರೆ ಸ್ಕ್ರೂನ ಹಿಡಿತ ವಾರವಾರಕ್ಕೆ ಹೇಗೆ ಬದಲಾಗುತ್ತೆ ಅನ್ನೋ ಚಿತ್ರ. ಹಾಕಿದ ದಿನ ಬಿಗಿತ ಅಳೆಯುವ ಟಾರ್ಕ್ ರೆಂಚ್ 35 ನ್ಯೂಟನ್ ಸೆಂಟಿಮೀಟರ್ ತೋರಿಸುತ್ತೆ, ಅಂದರೆ ಗಟ್ಟಿಯಾಗಿದೆ. ದಿನ ಕಳೆದಂತೆ ಇನ್ನೂ ಗಟ್ಟಿಯಾಗಬೇಕು ಅಲ್ವಾ? ಇಲ್ಲ. ಮೂರು-ನಾಲ್ಕನೇ ವಾರದ ಹೊತ್ತಿಗೆ ಹಿಡಿತ ಕೆಳಗಿಳಿಯುತ್ತೆ.

ಕಾರಣವನ್ನು ನಿಧಾನವಾಗಿ ನೋಡೋಣ. ಮೊದಲ ದಿನದ ಹಿಡಿತ ಬರೀ ಯಾಂತ್ರಿಕ. ಡ್ರಿಲ್ ಮಾಡಿದ ತೂತು ಸ್ಕ್ರೂಗಿಂತ ಸ್ವಲ್ಪ ಸಣ್ಣದು, ಹಾಗಾಗಿ ಸ್ಕ್ರೂನ ಥ್ರೆಡ್‌ಗಳು ಹಳೇ ಮೂಳೆಯನ್ನು ಒತ್ತಿ ಹಿಡಿದಿರುತ್ತವೆ. ಆದರೆ ಹಾಗೆ ಒತ್ತಿಸಿಕೊಂಡ, ಕೊರೆಸಿಕೊಂಡ ಅಂಚಿನ ಮೂಳೆ ಒಂದಿಷ್ಟು ಸಾಯುತ್ತೆ. ಆಸ್ಟಿಯೋಕ್ಲಾಸ್ಟ್ ಅನ್ನೋ ಜೀವಕೋಶಗಳು ಬಂದು ಅದನ್ನು ತಿಂದುಹಾಕುತ್ತವೆ. ಅಂದರೆ ಸ್ಕ್ರೂ ಯಾವುದನ್ನು ಹಿಡಿದಿತ್ತೋ ಅದೇ ಕರಗುತ್ತಿದೆ! ಇತ್ತ ಆಸ್ಟಿಯೋಬ್ಲಾಸ್ಟ್ ಅನ್ನೋ ಇನ್ನೊಂದು ಬಗೆಯ ಕೋಶಗಳು ಟೈಟಾನಿಯಂ ಮೇಲೆ ಹೊಸ ಮೂಳೆ ಕಟ್ಟುತ್ತಿರುತ್ತವೆ, ಆದರೆ ಅದಿನ್ನೂ ಎಳೆಯದು. ಹಳೇ ಕೆಲಸದ ಸಂಬಳ ನಿಂತಿದೆ, ಹೊಸದು ಇನ್ನೂ ಕೈಗೆ ಬಂದಿಲ್ಲ, ಆ ಥರ. ಪರೀಕ್ಷೆಯಲ್ಲಿ ಹಳೇ ಹಿಡಿತಕ್ಕೆ ಇಳಿಯುವ ಒಂದು ಗೆರೆ, ಹೊಸ ಹಿಡಿತಕ್ಕೆ ಏರುವ ಒಂದು ಗೆರೆ ಎಳೆಯಿರಿ. ಮೇಲೆ ಎರಡರ ಮೊತ್ತದ ಗೆರೆ ಎಳೆದರೆ ಆ ತಗ್ಗು ತಾನಾಗೇ ಕಾಣುತ್ತೆ. ಉದ್ದುದ್ದ ಬರೆಯೋದೇ ಬೇಡ.

ಈ ತಗ್ಗಿನಲ್ಲಿ ಸ್ಕ್ರೂ ಸುಮಾರು 150 ಮೈಕ್ರಾನ್‌ಗಿಂತ ಜಾಸ್ತಿ ಅಲ್ಲಾಡಿದರೆ ಮೂಳೆ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತೆ. ಆಮೇಲೆ ತೆಗೆಯೋದೇ ದಾರಿ. ಅದಕ್ಕೇ ಕೆಳದವಡೆಗೆ ಮೂರು ತಿಂಗಳು, ಮೂಳೆ ಮೆದುವಾಗಿರುವ ಮೇಲ್ದವಡೆಗೆ ಆರು ತಿಂಗಳು ಕಾಯುವ ಹಳೇ ಪದ್ಧತಿ ಬಂದಿದ್ದು.

ಡ್ರಿಲ್ ಮಾಡುವಾಗ ಸಲೈನ್ ಸುರಿಯೋದೂ ಮೂಳೆ ಉಳಿಸೋಕೆ: 47 ಡಿಗ್ರಿ ಶಾಖ ಒಂದು ನಿಮಿಷ ತಾಗಿದರೆ ಸಾಕು, ಮೂಳೆಗೆ ಪೆಟ್ಟು. ಇಂಪ್ಲಾಂಟ್ ಸುತ್ತ ಬಿಡಬೇಕಾದ ಅಂತರಗಳನ್ನು ಸುಮ್ನೆ ಬಾಯಿಪಾಠ ಮಾಡಿ: ಪಕ್ಕದ ಹಲ್ಲಿನಿಂದ 1.5 ಮಿಲಿಮೀಟರ್, ಎರಡು ಇಂಪ್ಲಾಂಟ್ ನಡುವೆ 3, ಕೆಳದವಡೆಯ ನರದಿಂದ 2.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳೋದು ಲಿಗಮೆಂಟ್ ಬಗ್ಗೆ: ಹಲ್ಲಿನ ಬೇರನ್ನು ಮೂಳೆಗೆ ಕಟ್ಟಿಹಿಡಿಯುವ ಈ ನಾರಿನ ಪದರ ಇಂಪ್ಲಾಂಟ್‌ಗೆ ಇಲ್ಲ. ಸ್ವಂತ ಹಲ್ಲು ಕಚ್ಚಿದಾಗ ಚೂರು ಒಳಗಿಳಿಯುತ್ತೆ, ಇಂಪ್ಲಾಂಟ್ ಹೆಚ್ಚುಕಮ್ಮಿ ಇಳಿಯೋದೇ ಇಲ್ಲ. ಹಾಗಾಗಿ ಕ್ರೌನ್ ಕೂರಿಸಿದಾಗ ಶಿಮ್ ಅನ್ನೋ ತೆಳು ಹಾಳೆಯನ್ನು ಹಲ್ಲುಗಳ ನಡುವೆ ಇಟ್ಟು ನೋಡಬೇಕು: ಹಗುರವಾಗಿ ಕಚ್ಚಿದರೆ ಹಾಳೆ ಜಾರಿ ಬರಬೇಕು, ಗಟ್ಟಿ ಕಚ್ಚಿದಾಗ ಮಾತ್ರ ಸಿಕ್ಕಿಕೊಳ್ಳಬೇಕು.