ಡೀಜಿ ಸೋಲೊ ಅಂದರೆ ಏನು?

ಯೂಟ್ಯೂಬ್‌ನಲ್ಲಿ ‘ಪ್ರಾಚೀನ ಚೀನಾದ ಕೊಳಲು’ ಅಂತ ಹುಡುಕಿ ನೋಡಿ. ಬೆಟ್ಟ, ಮಂಜು, ಬಿದಿರುಮೆಳೆ ಇರುವ ವಿಡಿಯೊಗಳು ಸಾಲುಸಾಲಾಗಿ ಬರುತ್ತವೆ. ಅವುಗಳಲ್ಲಿ ಕೇಳುವ ಅಡ್ಡ ಕೊಳಲಿನ ಹೆಸರು ಡೀಜಿ. ವಾದ್ಯ ಹಳೆಯದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಬ್ಬರೇ ಕಲಾವಿದರು ವೇದಿಕೆ ಮಧ್ಯೆ ನಿಂತು ಡೀಜಿಯಲ್ಲಿ ಒಂದು ಪೂರ್ತಿ ಕೃತಿ ನುಡಿಸೋದು, ಜನ ಅದನ್ನೇ ಕೇಳಲು ಟಿಕೆಟ್ ತಗೊಂಡು ಕೂರೋದು, ಇದೆಲ್ಲ ಗಟ್ಟಿಯಾಗಿ ಬೇರೂರಿದ್ದು 1950ರ ದಶಕದಲ್ಲಿ. ಚೀನೀ ಭಾಷೆಯಲ್ಲಿ ಇಂಥ ಕೃತಿಗೆ ‘ದುಜೌಚ್ಯು’ ಅಂತಾರೆ. ನಾವು ಸುಮ್ನೆ ಡೀಜಿ ಸೋಲೊ ಅನ್ನೋಣ.

ಅದಕ್ಕೂ ಮುಂಚೆ ಡೀಜಿಯ ಕೆಲಸ ಹೆಚ್ಚಾಗಿ ಪಕ್ಕವಾದ್ಯದ್ದು. ದಕ್ಷಿಣದಲ್ಲಿ ಕುನ್‌ಚ್ಯು ಎಂಬ ಹಾಡುನಾಟಕದಲ್ಲಿ ಹಾಡುವವರ ಬೆನ್ನಿಗೇ ಹೋಗುವ ಮುಖ್ಯ ವಾದ್ಯ ಇದು. ಉತ್ತರದಲ್ಲಿ ಬಾಂಗ್‌ಜಿ ನಾಟಕಗಳ ಮೇಳದಲ್ಲಿ ಇದರ ದನಿ ಇರುತ್ತಿತ್ತು. ಇನ್ನು ಶಾಂಘೈ, ಸುಝೌ ಕಡೆ ಚಹಾ ಅಂಗಡಿಗಳಲ್ಲಿ ತಂತಿವಾದ್ಯದವರ ಜೊತೆ ಕೂತು ನುಡಿಸುವ ಬಳಗಗಳಿದ್ದವು. ಎರಡು ಕಡೆಯ ಕೊಳಲೂ ಒಂದೇ ಅಲ್ಲ. ದಕ್ಷಿಣದ್ದು ಚೂಡಿ: ಉದ್ದ, ದನಿ ಮೆತ್ತಗೆ. ಉತ್ತರದ್ದು ಬಾಂಗ್‌ಡಿ: ಗಿಡ್ಡ, ಶ್ರುತಿ ಮೇಲೆ, ಚುರುಕು. ಸೋಲೊ ಕೃತಿಗಳು ಹುಟ್ಟಿದಾಗ ಈ ಭೇದವೂ ಅವುಗಳ ಜೊತೆಗೇ ಬಂತು.

ಸಾಮಾನ್ಯವಾಗಿ ಎಲ್ಲರೂ ಬೆರಳಿಡುವ ವರ್ಷ 1953. ಆ ವರ್ಷ ಬೀಜಿಂಗ್‌ನಲ್ಲಿ ರಾಷ್ಟ್ರಮಟ್ಟದ ಜಾನಪದ ಸಂಗೀತ, ನೃತ್ಯ ಮೇಳ ನಡೆಯಿತು. ಫೆಂಗ್ ಜಿತ್ಸುನ್ ಅಲ್ಲಿ ಬಾಂಗ್‌ಡಿ ಹಿಡಿದು ಸೋಲೊ ನುಡಿಸಿದರು. ಅವರು ಹೆಬೈ ಪ್ರಾಂತದ ಯಾಂಗ್ಯುವಾನ್ ಕಡೆಯವರು, 1904ರಲ್ಲಿ ಹುಟ್ಟಿದವರು, ಎರ್‌ರೆನ್‌ತಾಯ್ ಎಂಬ ಇಬ್ಬರು ಹಾಡಿ ಕುಣಿಯುವ ಆಟಕ್ಕೆ ಕೊಳಲು ಊದುತ್ತಾ ಬೆಳೆದವರು, ಅಂದರೆ ಹೆಚ್ಚೂ ಕಡಿಮೆ ಐವತ್ತರ ವಯಸ್ಸಿನಲ್ಲಿ ಅವರಿಗೆ ದೇಶವೇ ಕೇಳುವ ವೇದಿಕೆ ಸಿಕ್ಕಿತು. ಅವರ ‘ಶೀ ಶಿಯಾಂಗ್‌ಫೆಂಗ್’, ಅಂದರೆ ಖುಷಿಯ ಭೇಟಿ, ಇವತ್ತಿಗೂ ಡೀಜಿ ಕಲಿಯುವವರ ಪಾಠದಲ್ಲಿದೆ. ಮಟ್ಟು ಒಂದೇ. ಅದನ್ನೇ ಮತ್ತೆ ಮತ್ತೆ ತರುತ್ತಾರೆ, ಪ್ರತಿ ಸಲ ವೇಗ ಏರುತ್ತದೆ, ಸ್ವರಗಳು ಒತ್ತೊತ್ತಾಗುತ್ತವೆ. ನಾಲಿಗೆಯಿಂದ ತಟ್ಟಿ ಬಿಡಿಸುವ ಸ್ವರ, ಜಾರು ಸ್ವರ, ನಾಲಿಗೆ ನಡುಗಿಸಿ ಊದುವ ಗರಗರ, ಉತ್ತರದ ಶೈಲಿಯ ಜೋರೆಲ್ಲ ಇದರಲ್ಲಿದೆ.

ದಕ್ಷಿಣದ ಮಾದರಿ ಬೇಕಂದ್ರೆ ‘ಜೆಗು ಫೇ’ ಕೇಳಿ. ಕೌಜುಗದಂಥ ಒಂದು ಹಕ್ಕಿಯ ಹಾರಾಟ ಅದು. ಮೂಲ ಹುನಾನ್ ಪ್ರಾಂತದ ಜಾನಪದ ಮಟ್ಟು. ಶಾಂಘೈನ ಲು ಚುನ್‌ಲಿಂಗ್ (1921–2018) ಅದನ್ನು ಸೋಲೊ ಮಾಡಿ ಹೆಸರಾದರು. ಇಲ್ಲಿ ಓಟಕ್ಕಿಂತ ಉಸಿರಿನ ಕೆಲಸ ಜಾಸ್ತಿ. ಒಂದು ಉದ್ದ ಸ್ವರ ತುಂಬಿಕೊಂಡು ಬರುತ್ತದೆ, ಆಮೇಲೆ ಹಕ್ಕಿ ದೂರ ಹೋದ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ, ಆದರೆ ಶ್ರುತಿ ಮಾತ್ರ ಕೆಳಗೆ ಇಳಿಯಬಾರದು. ಕೊಳಲು ಊದಿದವರಿಗೆ ಗೊತ್ತು, ಮೆಲ್ಲಗೆ ಊದಿದರೆ ಶ್ರುತಿ ಇಳಿಯೋದೇ ಸಹಜ. ನನಗೆ ಕೇಳಿದರೆ ಉತ್ತರದ ವೇಗದ ಕೃತಿಗಳಿಗಿಂತ ಇದು ಕಷ್ಟ, ಚಪ್ಪಾಳೆ ಮಾತ್ರ ಅವಕ್ಕೇ ಜಾಸ್ತಿ.

ಈ ಸೋಲೊಗಳು ನಮ್ಮ ವೇಣುವಾದನಕ್ಕಿಂತ ಬೇರೆಯಾಗಿ ಕೇಳಿಸಲು ದೊಡ್ಡ ಕಾರಣ ಒಂದು ಸಣ್ಣ ಪೊರೆ. ಊದುವ ತೂತಿಗೂ ಬೆರಳಿಡುವ ಆರು ತೂತುಗಳಿಗೂ ಮಧ್ಯೆ ಡೀಜಿಗೆ ಇನ್ನೊಂದು ತೂತು ಇರುತ್ತದೆ. ಅದರ ಮೇಲೆ ಜೊಂಡಿನ ಕಾಂಡದ ಒಳಗಿಂದ ತೆಗೆದ ತೆಳುವಾದ ಪೊರೆ ಅಂಟಿಸುತ್ತಾರೆ. ಅದಕ್ಕೆ ಡೀಮೊ ಅಂತ ಹೆಸರು. ಅಂಟಿಸೋದೇ ಒಂದು ಕಸುಬು. ಅಳತೆಗೆ ಕತ್ತರಿಸಿ, ಬೆರಳಲ್ಲಿ ಎಳೆದು ಸಣ್ಣ ನೆರಿಗೆ ಬರಿಸಬೇಕು, ನೆರಿಗೆಗಳು ಕೊಳಲಿಗೆ ಅಡ್ಡವಾಗಿರಬೇಕು. ಅಂಟಿಗೆ ಕತ್ತೆ ಚರ್ಮದಿಂದ ಮಾಡಿದ ಸರೇಸು, ಇಲ್ಲದಿದ್ದರೆ ಬೆಳ್ಳುಳ್ಳಿ ರಸ. ಪೊರೆ ಬಿಗಿಯಾದರೆ ದನಿ ಮಂಕು. ಸಡಿಲಾದರೆ ಕರಕರ. ಹವೆಯಲ್ಲಿ ತೇವ ಹೆಚ್ಚು ಕಡಿಮೆಯಾದರೂ ಅದು ಕೈಕೊಡುತ್ತದೆ, ಹಾಗಾಗಿ ಕಛೇರಿಗೆ ಮುಂಚೆ ಡೀಜಿಯವರು ಮೂಲೆಯಲ್ಲಿ ಕೂತು ಪೊರೆಯ ಜೊತೆ ಗುದ್ದಾಡೋದು ಮಾಮೂಲು. ಸರಿಯಾಗಿ ಕೂತರೆ ತಂಬೂರಿಗೆ ಜೀವಾಳ ಕೊಟ್ಟ ಹಾಗೆ, ಸ್ವರದ ಸುತ್ತ ಒಂದು ಝೇಂಕಾರ ಕಟ್ಟಿಕೊಳ್ಳುತ್ತದೆ.

ಇನ್ನೊಂದು ತಪ್ಪು ಕಲ್ಪನೆ ಇದೆ. ಸೋಲೊ ಅಂದಮಾತ್ರಕ್ಕೆ ವೇದಿಕೆ ಮೇಲೆ ಒಬ್ಬರೇ ಇರಬೇಕು ಅಂತಿಲ್ಲ. ಸಂತೂರಿನ ಥರ ಕೋಲಿಂದ ಬಡಿದು ನುಡಿಸುವ ಯಾಂಗ್‌ಚಿನ್ ಜೊತೆಗಿರಬಹುದು, ಪಿಯಾನೊ ಇರಬಹುದು, ಒಂದು ದೊಡ್ಡ ವಾದ್ಯಮೇಳವೇ ಇರಬಹುದು. ಮುಂದಾಳು ಡೀಜಿ, ಅಷ್ಟೇ.

ಉತ್ತರ, ದಕ್ಷಿಣದ ಬೇಲಿ ಮುರಿದವರಲ್ಲಿ ದೊಡ್ಡ ಹೆಸರು ಝೆಜಿಯಾಂಗ್ ಪ್ರಾಂತದ ಜಾವ್ ಸೊಂಗ್‌ಟಿಂಗ್ (1924–2001). ತಮ್ಮ ಸೀಮೆಯ ವೂಜು ನಾಟಕದ ಮಟ್ಟು ಎತ್ತಿಕೊಂಡು ‘ಸಾನ್ ವೂ ಚೀ’ (ಮೂರು ಐದು ಏಳು) ಅಂತ ಸೋಲೊ ಮಾಡಿದರು. ಕೆನ್ನೆಯಲ್ಲಿ ಗಾಳಿ ಹಿಡಿದು, ಅದನ್ನು ಬಿಡುತ್ತಲೇ ಮೂಗಿನಿಂದ ಉಸಿರೆಳೆದು, ಸ್ವರ ಕಡಿಯದಂತೆ ಊದುವ ವಿದ್ಯೆಯನ್ನು ಡೀಜಿ ಸೋಲೊಗೆ ತಂದವರು ಅಂತಲೂ ಅವರನ್ನು ನೆನೆಯುತ್ತಾರೆ.

ಆಮೇಲಿನವರು ಹಳೆ ಮಟ್ಟು ಹುಡುಕದೆ ಹೊಸದಾಗಿಯೇ ಬರೆದರು. ಜಿಯಾಂಗ್ ಶಿಯಾನ್‌ವೇ 1962ರಲ್ಲಿ ಬರೆದ ‘ಗುಸು ಶಿಂಗ್’ ಅಂಥದ್ದು. ಗುಸು ಅಂದರೆ ಸುಝೌ ಊರಿನ ಹಳೆ ಹೆಸರು. ಕೃತಿಯಲ್ಲಿ ಕುನ್‌ಚ್ಯು ವಾಸನೆ ದಟ್ಟವಾಗಿದೆ, ಆದ್ದರಿಂದಲೇ ಬಹಳ ಜನ ಇದನ್ನು ನೂರಾರು ವರ್ಷ ಹಳೆಯದು ಅಂದುಕೊಳ್ಳೋದು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ರಾಗದ ಜೊತೆ ರಾಜಕೀಯವೂ ಬಂತು. ವೇ ಶಿಯಾನ್‌ಝೊಂಗ್ ಅವರ ಒಂದು ಕೃತಿಯಲ್ಲಿ ರೈತರು ಚಾಟಿ ಬೀಸಿ ಕುದುರೆ ಗಾಡಿಯಲ್ಲಿ ಸರ್ಕಾರಕ್ಕೆ ಧಾನ್ಯ ಸಾಗಿಸುವ ಸಡಗರ ಇದೆ. ವಿಷಯ ಪ್ರಚಾರದ್ದು. ಸಂಗೀತ ಮಾತ್ರ ಎಷ್ಟು ಲವಲವಿಕೆಯದು ಅಂದರೆ, ಆ ಕಾಲ ಮುಗಿದು ಹೋದರೂ ಕಲಿಯುವವರು ಅದನ್ನು ಬಿಟ್ಟಿಲ್ಲ.

ಕೇಳೋಕೆ ಶುರು ಮಾಡುವವರು ಕೃತಿಯ ಹೆಸರಿನ ಜೊತೆ ನುಡಿಸಿದವರ ಹೆಸರನ್ನೂ ನೋಡಿಕೊಳ್ಳಿ. ‘ಜೆಗು ಫೇ’ಯನ್ನೇ ಜಾವ್ ಕೂಡ ತಮ್ಮದೇ ರೀತಿಯಲ್ಲಿ ಹೊಂದಿಸಿದ್ದಾರೆ, ಲು ಅವರದ್ದರ ಪಕ್ಕ ಇಟ್ಟು ಕೇಳಿದರೆ ಎಲ್ಲಿ ಸ್ವರ ನಿಲ್ಲಿಸುತ್ತಾರೆ, ಎಲ್ಲಿ ಗಮಕ ಹಾಕುತ್ತಾರೆ ಎಲ್ಲವೂ ಬೇರೆ ಬೇರೆ.