ಕರೆಂಟ್ ಕೊಟ್ಟರೆ ನರ ಚುರುಕಾಗುತ್ತಾ?

ಪ್ರಶ್ನೆ: ಮಗನಿಗೆ ಸೆರೆಬ್ರಲ್ ಪಾಲ್ಸಿ, ಬಲಗೈ ಬಿಗಿ. ಡಾಕ್ಟರು ಎಸ್‌ಎಸ್‌ಇಪಿ ಬರೆದಿದ್ದಾರೆ. ಕೈಗೆ ಕರೆಂಟ್ ಕೊಡ್ತಾರಂತೆ. ಎಷ್ಟು ಸಲ ಮಾಡಿಸಿದರೆ ನರ ಚುರುಕಾಗುತ್ತೆ?

ಎಷ್ಟು ಸಲ ಮಾಡಿಸಿದರೂ ಆಗುವುದಿಲ್ಲ. ಎಸ್‌ಎಸ್‌ಇಪಿ ಚಿಕಿತ್ಸೆ ಅಲ್ಲ, ಕೈಯಿಂದ ಹೊರಟ ಸ್ಪರ್ಶದ ಸಂದೇಶ ಮಿದುಳಿಗೆ ಸರಿಯಾಗಿ ಮುಟ್ಟುತ್ತಾ ಅಂತ ನೋಡುವ ಬರೀ ಪರೀಕ್ಷೆ. ಹಿಂದೆಯೂ ಹೇಳಿದ್ದೇನೆ, ಇನ್ನೊಂದು ಸಲ ಹೇಳುತ್ತೇನೆ.

'ನರ ವೀಕ್' ಅನ್ನುವ ಮಾತು ನಮ್ಮಲ್ಲಿ ಹೋಗುವುದೇ ಇಲ್ಲ. ಅದಕ್ಕೇ ಎಣ್ಣೆ ನೀವುತ್ತಾರೆ, ನರಕ್ಕೆ ಅಂತ ಟಾನಿಕ್ ಕುಡಿಸುತ್ತಾರೆ. ಈಗ ಕರೆಂಟಿನ ಸರದಿ. ಆದರೆ ಸೆರೆಬ್ರಲ್ ಪಾಲ್ಸಿಯಲ್ಲಿ (ಸಿಪಿ) ಪೆಟ್ಟು ಬಿದ್ದಿರುವುದು ಬೆಳೆಯುತ್ತಿದ್ದ ಮಿದುಳಿಗೆ. ಹೊಟ್ಟೆಯಲ್ಲಿದ್ದಾಗಲೋ, ಹೆರಿಗೆ ಹೊತ್ತಿಗೋ, ಹುಟ್ಟಿದ ಸ್ವಲ್ಪ ಕಾಲಕ್ಕೋ. ಕೈಯ ನರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ನಂಬಿಕೆ ಬರದಿದ್ದರೆ ಪರೀಕ್ಷೆ ನಡೆಯುವಾಗ ಮಗನ ಹೆಬ್ಬೆರಳು ನೋಡಿ. ಮಣಿಕಟ್ಟಿಗೆ ಕರೆಂಟ್ ತಾಗಿದಾಗಲೆಲ್ಲ ಟಕ್ ಟಕ್ ಅಂತ ಅಲ್ಲಾಡುತ್ತದೆ. ನರ ಸತ್ತಿದ್ದರೆ ಬೆರಳು ಕುಣಿಯುತ್ತಿತ್ತಾ?

ಆ ಕರೆಂಟು ಒಂದೊಂದು ಸಲಕ್ಕೆ ಒಂದು ಮಿಲಿಸೆಕೆಂಡೂ ಇರುವುದಿಲ್ಲ. ಅದು ಎಬ್ಬಿಸಿದ ಸಂದೇಶ ತೋಳು, ಭುಜ, ಕತ್ತು ದಾಟಿ ಮಿದುಳಿನ ಎಡಭಾಗ ಮುಟ್ಟಬೇಕು. ದೊಡ್ಡವರಲ್ಲಿ ಇದಕ್ಕೆ ಸುಮಾರು 20 ಮಿಲಿಸೆಕೆಂಡು. ಮಕ್ಕಳಲ್ಲಿ ವಯಸ್ಸು, ಎತ್ತರ ನೋಡಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಪಕ್ಕದ ಮನೆ ಮಗುವಿನ ರಿಪೋರ್ಟಿನ ಜೊತೆ ಹೋಲಿಸಬೇಡಿ. ಸಂದೇಶ ಮುಟ್ಟಿದಾಗ ಏಳುವ ಪುಟ್ಟ ಅಲೆ ಮಿದುಳಿನ ಉಳಿದ ಗದ್ದಲದಲ್ಲಿ ಕಾಣುವುದಿಲ್ಲ. ಅದಕ್ಕೇ ನೂರಾರು ಸಲ ಕರೆಂಟ್ ಕೊಟ್ಟು ಸರಾಸರಿ ತೆಗೆಯುತ್ತಾರೆ. ಭುಜ, ಕತ್ತಿನ ಅಲೆ ಸರಿಯಿದ್ದು ಮಿದುಳಿನದು ಮಾತ್ರ ತಡವಾದರೆ, ಸಣ್ಣದಾದರೆ, ತೊಂದರೆ ಮೇಲೆ, ಮಿದುಳಿನ ಕಡೆಯೇ ಇದೆ ಅಂತ. ಅವತ್ತು ತಲೆಗೆ ಕೊಬ್ಬರಿ ಎಣ್ಣೆ ಮಾತ್ರ ಬೇಡ, ಅಲೆ ಹಿಡಿಯಲು ಅಂಟಿಸುವ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ.

ರಿಪೋರ್ಟ್ ನಾರ್ಮಲ್ ಬಂದರೆ ಕೈ ಸರಿಹೋಗುತ್ತೆ ಅಂತಲೂ ಅಲ್ಲ. ಇದು ಸ್ಪರ್ಶದ ದಾರಿ ನೋಡುತ್ತದೆ, ಚಲನೆಯ ದಾರಿಯನ್ನಲ್ಲ. ಒಂದು ಬದಿಗೆ ಮಾತ್ರ ಸಿಪಿ ಇರುವ ಕೆಲವು ಮಕ್ಕಳಲ್ಲಿ ಇವೆರಡೂ ಬೇರೆಯಾಗಿಬಿಟ್ಟಿರುತ್ತವೆ. ಬಲಗೈಯನ್ನು ಆಡಿಸುವ ಕೆಲಸ ಮಿದುಳಿನ ಬಲಭಾಗಕ್ಕೇ ಹೋಗಿರುತ್ತದೆ, ಸ್ಪರ್ಶ ಮಾತ್ರ ಪೆಟ್ಟು ಬಿದ್ದ ಎಡಭಾಗಕ್ಕೇ ಬರುತ್ತಿರುತ್ತದೆ. ಏಟು ಬಿದ್ದ ಜಾಗವನ್ನು ಸುತ್ತಿಹಾಕಿಕೊಂಡಾದರೂ!

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಗ ಆ ಕೈ ಬಳಸುವುದೇ ಇಲ್ಲ ಅಂತ ಸುಮ್ನೆ ಗದರಬೇಡಿ. ಮುಟ್ಟಿದ್ದು ಏನು ಅಂತ ಆ ಕೈಗೆ ಸರಿಯಾಗಿ ತಿಳಿಯದೆಯೂ ಇರಬಹುದು. ಒಂದು ಬಟ್ಟೆ ಚೀಲದಲ್ಲಿ ಬೀಗದ ಕೈ, ನಾಣ್ಯ, ಚಮಚ ಹಾಕಿ. ನೋಡದೆ, ಮುಟ್ಟಿ ಹೇಳಲಿ. ಮೊದಲು ಎಡಗೈಯಲ್ಲಿ, ಆಮೇಲೆ ಬಲಗೈಯಲ್ಲಿ. ಬೆರಳು ಮುಚ್ಚಲು ಆಗದಿದ್ದರೆ ನೀವೇ ವಸ್ತುವನ್ನು ಅಂಗೈಗೆ ಇಟ್ಟು ಬೆರಳು ಮಡಚಿಕೊಡಿ. ಬಲಗೈಯಲ್ಲಿ ಪದೇ ಪದೇ ತಪ್ಪಿದರೆ ಥೆರಪಿಸ್ಟಿಗೆ ಅದನ್ನೇ ಹೇಳಿ.