ಜ್ವಾಲೆಯಲ್ಲಿ ನೈಟ್ರಿಕ್ ಆಕ್ಸೈಡ್: ಚಿತ್ರದ ಹೊಳಪಿನಿಂದ ಪಿಪಿಎಂ ಲೆಕ್ಕಕ್ಕೆ

ಲೇಸರ್ ಹಾಯಿಸಿ ತೆಗೆದ ಜ್ವಾಲೆಯ ಚಿತ್ರದಲ್ಲಿ ಎಲ್ಲಿ ಹೆಚ್ಚು ಹೊಳಪಿದೆಯೋ ಅಲ್ಲಿಯೇ ನೈಟ್ರಿಕ್ ಆಕ್ಸೈಡ್, ಚಿಕ್ಕದಾಗಿ ಎನ್‌ಒ, ಹೆಚ್ಚಿದೆ ಎಂದು ಓದಿಬಿಡುವ ಆತುರ ಕಲಿಯುವವರಿಗೆ ಸಹಜ. ಆದರೆ ಪಿಕ್ಸೆಲ್‌ನಲ್ಲಿ ದಾಖಲಾಗುವ ಸಂಖ್ಯೆ ಎನ್‌ಒ ಪ್ರಮಾಣವೊಂದನ್ನೇ ಹೇಳುವುದಿಲ್ಲ; ಲೇಸರಿನ ಶಕ್ತಿ, ತಾಪಮಾನ, ಸುತ್ತಲಿನ ಅಣುಗಳು, ಬೇರೆ ಅನಿಲಗಳು ಸೂಸುವ ಬೆಳಕು ಇವೆಲ್ಲವೂ ಅದರಲ್ಲಿ ಸೇರಿರುತ್ತವೆ. ಇವನ್ನು ಒಂದೊಂದಾಗಿ ಬಿಡಿಸುವುದೇ ಈ ವಿಧಾನದ ನಿಜವಾದ ಕೆಲಸ.

ಎನ್‌ಒ ಅಣು 226 ನ್ಯಾನೋಮೀಟರ್ ಸುಮಾರಿನ ನೇರಳಾತೀತ ಬೆಳಕನ್ನು ಹೀರಿಕೊಂಡು ಮೇಲಿನ ಎಲೆಕ್ಟ್ರಾನಿಕ್ ಮಟ್ಟಕ್ಕೆ ಏರುತ್ತದೆ. ಅಲ್ಲಿಂದ ಇಳಿಯುವಾಗ 226, 236, 247, 259 ನ್ಯಾನೋಮೀಟರ್‌ಗಳ ಆಸುಪಾಸಿನ ಪಟ್ಟಿಗಳಲ್ಲಿ ಪ್ರತಿದೀಪ್ತಿಯನ್ನು ಸೂಸುತ್ತದೆ. ಈ ತರಂಗಾಂತರದ ಲೇಸರ್ ನೇರವಾಗಿ ಸಿಗುವುದು ಕಷ್ಟವಾದ್ದರಿಂದ, ಡೈ ಲೇಸರಿನ 574 ನ್ಯಾನೋಮೀಟರ್ ಬೆಳಕಿನ ಆವರ್ತನವನ್ನು ಹರಳೊಂದರಲ್ಲಿ ಇಮ್ಮಡಿಗೊಳಿಸಿ 287 ಪಡೆದು, ಅದಕ್ಕೆ ಎನ್‌ಡಿ-ಯಾಗ್ ಲೇಸರಿನ 1064 ನ್ಯಾನೋಮೀಟರ್ ಬೆಳಕನ್ನು ಬೆರೆಸುವುದು ರೂಢಿಯಲ್ಲಿರುವ ಒಂದು ದಾರಿ. 287 ಮತ್ತು 1064ರ ವಿಲೋಮಗಳನ್ನು ಕೂಡಿ ಮತ್ತೆ ವಿಲೋಮ ಮಾಡಿದರೆ 226 ಬರುತ್ತದೆ. ಕ್ಯಾಲ್ಕುಲೇಟರಿನಲ್ಲಿ ಒಮ್ಮೆ ಮಾಡಿ ನೋಡಿ. ಹೀಗೆ ಬಂದ ಕಿರಣವನ್ನು ಸಿಲಿಂಡರ್ ಆಕಾರದ ಮಸೂರದಿಂದ ತೆಳುವಾದ ಹಾಳೆಯಂತೆ ಹರಡಿ ಜ್ವಾಲೆಯ ಮೂಲಕ ಹಾಯಿಸುತ್ತಾರೆ, ಅದಕ್ಕೆ ಲಂಬವಾಗಿ ನಿಂತ, ಮಂದ ಬೆಳಕನ್ನು ವರ್ಧಿಸುವ ಇಂಟೆನ್ಸಿಫೈಡ್ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಲೇಸರಿನದೇ ಚದುರಿದ ಬೆಳಕು ಒಳಗೆ ಬರದಂತೆ 226ರ ಪಟ್ಟಿಯನ್ನು ಫಿಲ್ಟರಿನಿಂದ ತಡೆದು, ಉಳಿದ ಪಟ್ಟಿಗಳನ್ನಷ್ಟೇ ಹಿಡಿಯುತ್ತಾರೆ.

ಮೊದಲ ತೊಡಕು ತಾಪಮಾನದ್ದು. ಲೇಸರನ್ನು ಒಂದೇ ರೇಖೆಗೆ, ಅಂದರೆ ಎನ್‌ಒ ಹೀರುವ ಒಂದು ನಿಖರ ತರಂಗಾಂತರಕ್ಕೆ, ಶ್ರುತಿ ಮಾಡಿರುವುದರಿಂದ ತಿರುಗುವಿಕೆಯ ಒಂದೇ ಶಕ್ತಿಮಟ್ಟದಲ್ಲಿರುವ, ಅಂದರೆ ಒಂದೇ ಜೆ ಮೌಲ್ಯದಲ್ಲಿ (ಜೆ ಎಂದರೆ ತಿರುಗುವಿಕೆಯ ಕ್ವಾಂಟಂ ಸಂಖ್ಯೆ) ತಿರುಗುತ್ತಿರುವ ಅಣುಗಳಷ್ಟೇ ಬೆಳಕನ್ನು ಹೀರುತ್ತವೆ, ಮತ್ತು ಆ ಮಟ್ಟದಲ್ಲಿ ಎಷ್ಟು ಪಾಲು ಅಣುಗಳಿವೆ ಎಂಬುದನ್ನು ಬೋಲ್ಟ್ಸ್‌ಮನ್ ಹಂಚಿಕೆ, ಅಂದರೆ ತಾಪಮಾನಕ್ಕೆ ತಕ್ಕಂತೆ ಅಣುಗಳು ಶಕ್ತಿಮಟ್ಟಗಳಲ್ಲಿ ಹಂಚಿಹೋಗುವ ನಿಯಮ, ತೀರ್ಮಾನಿಸುತ್ತದೆ. ತಿರುಗುವಿಕೆಯ ಮಟ್ಟಿಗೆ ಆ ಪಾಲು ತಾಪಮಾನದ ವಿಲೋಮಕ್ಕೂ, ಮಟ್ಟದ ಶಕ್ತಿಯನ್ನು ಒಳಗೊಂಡ ಘಾತೀಯ ಪದಕ್ಕೂ ಅನುಪಾತದಲ್ಲಿರುತ್ತದೆ. ಜೆ 26.5 ಇರುವ ರೇಖೆಯನ್ನು ಆರಿಸಿಕೊಂಡರೆ ಆ ಮಟ್ಟದ ಶಕ್ತಿ ತಾಪಮಾನದ ಅಳತೆಯಲ್ಲಿ ಸುಮಾರು 1780 ಕೆಲ್ವಿನ್ ಆಗುತ್ತದೆ. ಆಗ 1500ರಿಂದ 2100 ಕೆಲ್ವಿನ್‌ವರೆಗೆ ಈ ಎರಡು ಪದಗಳ ಗುಣಲಬ್ಧ ಶೇ. 2ರಷ್ಟೂ ಅಲುಗುವುದಿಲ್ಲ, ಏಕೆಂದರೆ ಒಂದು ಇಳಿದಷ್ಟನ್ನು ಇನ್ನೊಂದು ಏರಿ ತುಂಬಿಕೊಡುತ್ತದೆ. ಅದೇ ಜೆ 6.5ರ ರೇಖೆಯಾದರೆ ಇದೇ ಅಂತರದಲ್ಲಿ ಪಾಲು ಶೇ. 27ರಷ್ಟು ಕುಸಿಯುತ್ತದೆ. ಬಿಸಿಯಾದಂತೆ ಅಣುಗಳು ಮೇಲಿನ ಕಂಪನ ಮಟ್ಟಕ್ಕೆ ಜಾರುವುದರಿಂದ ಎರಡೂ ರೇಖೆಗಳಲ್ಲಿ ಇನ್ನೂ ಸುಮಾರು ಶೇ. 13ರಷ್ಟು ಇಳಿಕೆ ಸೇರುತ್ತದೆ. ಅದನ್ನು ತಾಪಮಾನದ ಅಳತೆಯಿಂದಲೇ ತಿದ್ದಬೇಕು. ರೇಖೆಯ ಆಯ್ಕೆ ತಪ್ಪನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಎರಡನೆಯ ತೊಡಕಾದ ಕ್ವೆಂಚಿಂಗ್ ಇದಕ್ಕಿಂತ ಗಂಭೀರವಾದದ್ದು. ಒಂಟಿಯಾಗಿದ್ದರೆ ಮೇಲೇರಿದ ಎನ್‌ಒ ಸರಾಸರಿ 200 ನ್ಯಾನೋಸೆಕೆಂಡ್ ಅಲ್ಲಿದ್ದು ಬೆಳಕು ಸೂಸಿ ಇಳಿಯುತ್ತಿತ್ತು. ಆದರೆ ವಾತಾವರಣದ ಒತ್ತಡದ ಜ್ವಾಲೆಯಲ್ಲಿ ಎರಡು ನ್ಯಾನೋಸೆಕೆಂಡಿನ ಆಸುಪಾಸಿನಲ್ಲೇ ಬೇರೊಂದು ಅಣು ಡಿಕ್ಕಿ ಹೊಡೆದು ಆ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಅಂದರೆ ನೂರರಲ್ಲಿ ಒಂದರಷ್ಟು ಅಣುಗಳು ಮಾತ್ರ ನಮಗೆ ಬೆಳಕು ಕೊಡುತ್ತವೆ. ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲಜನಕ ಹೀಗೆ ಕಸಿಯುವುದರಲ್ಲಿ ಮುಂದು. ಜ್ವಾಲೆಯಲ್ಲಿ ಅತಿ ಹೆಚ್ಚಿರುವ ಸಾರಜನಕ ಇದರಲ್ಲಿ ತೀರಾ ಹಿಂದು. ಹೀಗಾಗಿ ಎನ್‌ಒ ಪ್ರಮಾಣ ಒಂದೇ ಇದ್ದರೂ, ಉರಿದ ಅನಿಲದ ಸಂಯೋಜನೆ ಬೇರೆಯಾದಲ್ಲಿ ಹೊಳಪೂ ಬೇರೆಯಾಗುತ್ತದೆ. ಇಲ್ಲಿ ಒಂದು ಸಮಾಧಾನವೂ ಇದೆ: ಒತ್ತಡ ಏರಿದರೆ ಎನ್‌ಒ ಅಣುಗಳ ಸಾಂದ್ರತೆಯೂ ಡಿಕ್ಕಿಗಳ ದರವೂ ಒಟ್ಟಿಗೆ ಏರುವುದರಿಂದ, ರೇಖೆಗಳು ಅಗಲವಾಗುವುದನ್ನು ಬದಿಗಿಟ್ಟರೆ, ಒತ್ತಡದ ಪ್ರಭಾವ ಬಹುಮಟ್ಟಿಗೆ ರದ್ದಾಗಿ ಸಂಕೇತವು ಮೋಲ್ ಅಂಶವನ್ನೇ, ಅಂದರೆ ಒಟ್ಟು ಅಣುಗಳಲ್ಲಿ ಎನ್‌ಒ ಪಾಲನ್ನೇ, ಹಿಂಬಾಲಿಸುತ್ತದೆ.

ಇನ್ನು ಬೇರೆಯವರ ಬೆಳಕು. ಬಿಸಿಯಾದ ಆಮ್ಲಜನಕ ಇದೇ ತರಂಗಾಂತರಗಳಲ್ಲಿ ಹೀರಿ ಹೊಳೆಯುತ್ತದೆ, ಆದ್ದರಿಂದ ಗಾಳಿ ಹೆಚ್ಚಿರುವ ಜ್ವಾಲೆಯಲ್ಲಿ ಅದರ ಕಾಟ ಹೆಚ್ಚು. ಇದಕ್ಕೆ ಪರಿಹಾರವೆಂದರೆ ಎನ್‌ಒ ರೇಖೆಯ ಮೇಲೆ ಒಂದು ಚಿತ್ರ, ರೇಖೆಯಿಂದ ತುಸು ಸರಿದು ಇನ್ನೊಂದು ಚಿತ್ರ ತೆಗೆದು ಎರಡನೆಯದನ್ನು ಮೊದಲನೆಯದರಿಂದ ಕಳೆಯುವುದು. ಆಮ್ಲಜನಕಕ್ಕೂ ತನ್ನದೇ ರೇಖೆಗಳಿರುವುದರಿಂದ, ಅದರ ಕೊಡುಗೆ ಎರಡೂ ಕಡೆ ಸಮವಾಗಿರುವ ಜಾಗವನ್ನು ಮೊದಲೇ ಲೇಸರನ್ನು ಸ್ಕ್ಯಾನ್ ಮಾಡಿ ಹುಡುಕಿಕೊಳ್ಳಬೇಕು.

ಕೊನೆಗೆ ಸಂಖ್ಯೆಯನ್ನು ಪಿಪಿಎಂಗೆ, ಅಂದರೆ ಹತ್ತು ಲಕ್ಷ ಅಣುಗಳಲ್ಲಿ ಎನ್‌ಒ ಎಷ್ಟು ಎಂಬ ಅಳತೆಗೆ, ಇಳಿಸುವ ಮಾಪನಾಂಕನ. ಇದಕ್ಕೆ ನೀರಿನಿಂದ ತಣಿಸಿದ ರಂಧ್ರಮಯ ತಟ್ಟೆಯ ಮೆಕೆನ್ನಾ ಬರ್ನರ್ ಅನುಕೂಲ, ಏಕೆಂದರೆ ಅದರ ಮೇಲೆ ಚಪ್ಪಟೆಯಾದ, ಅಲುಗದ ಜ್ವಾಲೆ ನಿಲ್ಲುತ್ತದೆ. ಮೀಥೇನ್ ಕಡಿಮೆ, ಗಾಳಿ ಹೆಚ್ಚು ಇರುವ ಮಿಶ್ರಣಕ್ಕೆ ಗೊತ್ತಿರುವಷ್ಟು ಎನ್‌ಒ ಬೆರೆಸಿ ಪ್ರತಿ ಬಾರಿಯೂ ಸಂಕೇತ ನೋಡಬೇಕು. ಉದಾಹರಣೆಗೆ, ಏನೂ ಬೆರೆಸದಾಗ ಕ್ಯಾಮೆರಾದ ಎಣಿಕೆ 240, 100 ಪಿಪಿಎಂ ಬೆರೆಸಿದಾಗ 640 ಎಂದು ಬಂದಿತೆಂದುಕೊಳ್ಳೋಣ. ಆಗ ಒಂದು ಪಿಪಿಎಂಗೆ 4 ಎಣಿಕೆ. ಈ ಲೆಕ್ಕದಲ್ಲಿ 240ನ್ನು 4ರಿಂದ ಭಾಗಿಸಿ ಜ್ವಾಲೆ ತಾನೇ 60 ಪಿಪಿಎಂ ಉಂಟುಮಾಡಿದೆ ಎಂದರೆ ಎಡವಿದಂತೆ. ರೇಖೆಯಿಂದ ಸರಿದು ತೆಗೆದ ಚಿತ್ರದಲ್ಲಿ 160 ಇದ್ದರೆ ಎನ್‌ಒ ಪಾಲು ಬರೀ 80, ಅಂದರೆ 20 ಪಿಪಿಎಂ ಮಾತ್ರ.

ಈ ಮಾಪನಾಂಕನವನ್ನು ಇಂಧನ ಹೆಚ್ಚಿರುವ ಜ್ವಾಲೆಯಲ್ಲಿ ಮಾಡಲಾಗದು, ಏಕೆಂದರೆ ಅಲ್ಲಿ ಇಂಧನ ಒಡೆದು ಬರುವ ಸಿಎಚ್‌ನಂತಹ ತುಣುಕುಗಳು ನಾವು ಬೆರೆಸಿದ ಎನ್‌ಒವನ್ನೇ ತಿಂದುಹಾಕುತ್ತವೆ, ಮತ್ತು ಬೆರೆಸಿದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದು ತಿಳಿಯದಾಗುತ್ತದೆ. ಆದ್ದರಿಂದ ಗಾಳಿ ಹೆಚ್ಚಿರುವ ಜ್ವಾಲೆಯಲ್ಲಿ ಪಡೆದ 4 ಎಣಿಕೆಯನ್ನು, ಎರಡೂ ಜ್ವಾಲೆಗಳ ಕ್ವೆಂಚಿಂಗ್ ದರ ಮತ್ತು ತಾಪಮಾನಗಳ ಅನುಪಾತದಿಂದ ತಿದ್ದಿಕೊಂಡೇ ಅಲ್ಲಿಗೆ ಒಯ್ಯಬೇಕು.